ಸೌಟೋ, ತಳದ ತೂತೋ. ಮೇಣವೋ, ಪುಡಿಬಣ್ಣವೋ: ಸೀಸದ ಗುಂಡಿನ ಎರಕದಲ್ಲಿ ಕಂಡುಕೊಂಡದ್ದು

ಸೀಸವನ್ನು ಕರಗಿಸಿ ಗುಂಡುಗಳನ್ನು ಎರಕ ಹೊಯ್ದು, ಒಮ್ಮೆ ಹಾರಿಸಿದ ಹಿತ್ತಾಳೆ ಕೇಸುಗಳಲ್ಲಿ ಅವನ್ನು ಕೂರಿಸಿ, ಗುರಿ ಅಭ್ಯಾಸಕ್ಕೆ ತನ್ನದೇ ತೋಟಾಗಳನ್ನು ಸಿದ್ಧಪಡಿಸಿಕೊಳ್ಳುವುದು ಕಾನೂನು ಒಪ್ಪುವ ಕಡೆಗಳಲ್ಲೆಲ್ಲ ಬಹಳ ಕಾಲದಿಂದ ನಡೆದುಬಂದಿರುವ ಹವ್ಯಾಸ. ಇದಕ್ಕೆ ಇಳಿದವರ ಮುಂದೆ ಪ್ರತಿ ಹಂತದಲ್ಲೂ ಎರಡು ಮೂರು ದಾರಿಗಳು ತೆರೆದುಕೊಳ್ಳುತ್ತವೆ, ಮತ್ತು ಪ್ರತಿ ದಾರಿಗೂ ಅದೇ ಸರಿಯೆಂದು ವಾದಿಸುವವರಿದ್ದಾರೆ. ನಾನು ಆ ದಾರಿಗಳನ್ನು ಒಂದೊಂದಾಗಿ, ಸಾಧ್ಯವಾದಷ್ಟೂ ಒಂದೇ ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತ, ಪರೀಕ್ಷಿಸಿ ನೋಡಿದ್ದೇನೆ. ಹೋಲಿಕೆಗೆ ಬಳಸಿದ್ದು ಎರಡು ಬಗೆಯ ಗುಂಡುಗಳು: 9 ಮಿ.ಮೀ. ಪಿಸ್ತೂಲಿನ 124 ಗ್ರೇನ್ ತೂಕದ ಗುಂಡು, ಅಂದರೆ ಸುಮಾರು 8 ಗ್ರಾಂ, ಮತ್ತು ಹಳೆಯ ಮಾದರಿಯ ರೈಫಲ್ಲಿನ 405 ಗ್ರೇನ್ ತೂಕದ ದಪ್ಪ ಗುಂಡು, ಅಂದರೆ ಸುಮಾರು 26 ಗ್ರಾಂ. ಮದ್ದಿನ ಪ್ರಮಾಣಗಳನ್ನು ಇಲ್ಲಿ ಬರೆಯುವುದಿಲ್ಲ. ಅವನ್ನು ಪ್ರಕಟಿತ ಕೈಪಿಡಿಗಳಲ್ಲಿ, ಅದೇ ತೂಕದ ಎರಕದ ಗುಂಡಿಗೆಂದೇ ಕೊಟ್ಟಿರುವ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು.

ಮೊದಲ ಆಯ್ಕೆ ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವ ಬಗೆಯದು. ಸೌಟಿನಿಂದ ಸುರಿಯುವವರು ಒಂದು ಪಾತ್ರೆ, ಒಂದು ಒಲೆ, ಕೊಕ್ಕಿರುವ ಒಂದು ಕಬ್ಬಿಣದ ಸೌಟು ಇಷ್ಟರಲ್ಲೇ ಕೆಲಸ ಮುಗಿಸುತ್ತಾರೆ. ಇನ್ನೊಂದು ಬಗೆಯಲ್ಲಿ ವಿದ್ಯುತ್ತಿನಿಂದ ಕಾಯುವ ಪಾತ್ರೆಯ ತಳದಲ್ಲಿಯೇ ತೂತೊಂದಿದ್ದು, ಹಿಡಿಯನ್ನು ಎತ್ತಿದಾಗ ಅದನ್ನು ಮುಚ್ಚಿರುವ ಸರಳು ಮೇಲೆದ್ದು ಸೀಸ ನೇರವಾಗಿ ಅಚ್ಚಿನೊಳಗೆ ಇಳಿಯುತ್ತದೆ. ನಾನು ಆರಂಭಿಸಿದ್ದು ಸೌಟಿನಿಂದ, ಎರಡನೆಯದಕ್ಕೆ ಹೋದದ್ದು ವೇಗಕ್ಕಾಗಿ. ಪಿಸ್ತೂಲಿನ ಗುಂಡುಗಳ ಮಟ್ಟಿಗೆ ಆ ನಿರ್ಧಾರ ಸರಿಯಾಗಿಯೇ ಇತ್ತು. ಆರು ಕುಳಿಗಳ ಅಚ್ಚನ್ನು ಸೌಟಿನಿಂದ ತುಂಬುವಾಗ ಮೊದಲ ಕುಳಿಗೂ ಆರನೆಯದಕ್ಕೂ ನಡುವೆ ಲೋಹದ ಬಿಸಿ ಇಳಿದು ಕೊನೆಯ ಗುಂಡುಗಳ ಮೈಮೇಲೆ ಸುಕ್ಕು ಕಾಣಿಸಿಕೊಳ್ಳುತ್ತಿತ್ತು. ತಳದಿಂದ ಸುರಿಯುವ ಪಾತ್ರೆಯಲ್ಲಿ ಆ ತೊಂದರೆ ಹೆಚ್ಚುಕಡಿಮೆ ನಿಂತೇ ಹೋಯಿತು.

ದಪ್ಪ ರೈಫಲ್ ಗುಂಡಿನಲ್ಲಿ ಮಾತ್ರ ಫಲಿತಾಂಶ ತಿರುಗುಮುರುಗಾಯಿತು. ಸೀಸ ಗಟ್ಟಿಯಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಮೇಲಿನಿಂದ ಇನ್ನಷ್ಟು ಕರಗಿದ ಲೋಹವನ್ನು ಎಳೆದುಕೊಳ್ಳಲು ನೋಡುತ್ತದೆ, ಆಗ ಅದಕ್ಕೆ ಲೋಹ ಸಿಗದೇ ಹೋದರೆ ಗುಂಡಿನ ಬುಡದಲ್ಲಿಯೋ ಒಡಲಿನಲ್ಲಿಯೋ ಕಣ್ಣಿಗೆ ಕಾಣದ ಟೊಳ್ಳು ಉಳಿದುಬಿಡುತ್ತದೆ. ಸೌಟಿನ ಕೊಕ್ಕನ್ನು ಅಚ್ಚಿನ ಬಾಯಿಗೆ ಒತ್ತಿ ಹಿಡಿದು, ಎರಡನ್ನೂ ಒಟ್ಟಿಗೆ ನೆಟ್ಟಗೆ ತಿರುಗಿಸಿ, ಕೆಲವು ಸೆಕೆಂಡು ಹಾಗೆಯೇ ಬಿಟ್ಟರೆ ಸೌಟಿನಲ್ಲಿರುವ ಲೋಹದ ಭಾರವೇ ಆ ಕೊರತೆಯನ್ನು ತುಂಬುತ್ತದೆ. ಸೌಟಿನಿಂದ ಹೊಯ್ದ ಗುಂಡುಗಳನ್ನು ಒಂದೊಂದಾಗಿ ತೂಗಿದಾಗ ಬಹುಪಾಲು ಒಂದು ಗ್ರೇನ್ ಅಂತರದೊಳಗೇ ಸಿಕ್ಕವು. ತಳದಿಂದ ಸುರಿದವುಗಳಲ್ಲಿ ಆ ಅಂತರ ಮೂರು ಗ್ರೇನಿನವರೆಗೆ ಹರಡಿತ್ತು. ಪಾತ್ರೆ ಖಾಲಿಯಾಗುತ್ತ ಬಂದಂತೆ ಮೇಲಿನ ಲೋಹದ ಒತ್ತಡ ಇಳಿದು ಧಾರೆ ನಿಧಾನವಾಗುವುದೂ, ತಣ್ಣನೆಯ ಸೀಸದ ಗಟ್ಟಿಯೊಂದನ್ನು ಹಾಕಿದೊಡನೆ ಶಾಖ ಕುಸಿಯುವುದೂ ಇದಕ್ಕೆ ಕಾರಣಗಳು. ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡದೆ, ಗಟ್ಟಿಗಳನ್ನು ಮೊದಲೇ ಬಿಸಿಮಾಡಿಟ್ಟು ಹಾಕಿದಾಗ ವ್ಯತ್ಯಾಸ ಸಾಕಷ್ಟು ತಗ್ಗಿತು, ಆದರೆ ಸೌಟನ್ನು ಅದು ಹಿಂದಿಕ್ಕಲಿಲ್ಲ. ಇದರ ಮೇಲೆ ತಳದ ತೂತಿಗೆ ಕಿಟ್ಟದ ಕಣ ಸಿಕ್ಕಿಕೊಂಡು ಸೀಸ ತೊಟ್ಟಿಕ್ಕುವ ಕಿರಿಕಿರಿಯೂ ಇದೆ. ಕೊಳಕು ಸೀಸವನ್ನು ಮೊದಲು ಬೇರೆ ಪಾತ್ರೆಯಲ್ಲಿ ಕರಗಿಸಿ ಶುದ್ಧಿಮಾಡಿಕೊಂಡು, ಚೊಕ್ಕಟವಾದ ಗಟ್ಟಿಗಳನ್ನಷ್ಟೇ ಎರಕದ ಪಾತ್ರೆಗೆ ಹಾಕುವುದೇ ಅದಕ್ಕಿರುವ ಪರಿಹಾರ. ಆದ್ದರಿಂದ ಈಗ ನನ್ನಲ್ಲಿ ಎರಡೂ ಇವೆ: ಪಿಸ್ತೂಲಿಗೆ ತಳದ ತೂತು, ರೈಫಲ್ಲಿಗೆ ಸೌಟು.

ಅಚ್ಚಿನ ಲೋಹದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಯೂಮಿನಿಯಂ ಅಚ್ಚು ಹಗುರ, ಬೇಗ ಕಾಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಒರಟಾಗಿ ಬಳಸಿದರೆ ಅಂಚುಗಳು ಬೇಗ ಸವೆಯುತ್ತವೆ. ಕಬ್ಬಿಣದ ಅಚ್ಚು ಕಾಯಲು ತಡಮಾಡಿದರೂ ಕಾದ ಮೇಲೆ ಶಾಖವನ್ನು ಬಿಡದೆ ಹಿಡಿದುಕೊಳ್ಳುತ್ತದೆ, ಎಣ್ಣೆ ಸವರಿ ಎತ್ತಿಡದಿದ್ದರೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯ ಅಚ್ಚಿನಲ್ಲಿ ಅತ್ಯಂತ ಅಂದವಾದ ಗುಂಡುಗಳು ಬಂದವು, ಆದರೆ ಅದರ ಭಾರಕ್ಕೆ ಒಂದು ಗಂಟೆಯೊಳಗೆ ಮಣಿಕಟ್ಟು ನೋಯುತ್ತದೆ. ಯಾವ ಅಚ್ಚಾದರೂ ಗುಂಡಿನ ಮೈಮೇಲೆ ಸುಕ್ಕು ಬಂದರೆ ಅಚ್ಚು ತಣ್ಣಗಿದೆ ಅಥವಾ ಒಳಗೆ ಎಣ್ಣೆಯ ಅಂಶ ಉಳಿದಿದೆ ಎಂದೂ, ಇಬ್ಬನಿ ಕೂತಂತೆ ಮಂಕಾಗಿ ಬಂದರೆ ವಿಪರೀತ ಕಾದಿದೆ ಎಂದೂ ತಿಳಿಯಬೇಕು.

ಮಿಶ್ರಲೋಹದ ವಿಷಯ ಇದಕ್ಕಿಂತ ಸ್ವಾರಸ್ಯಕರವಾದದ್ದು. ನಾನು ಹೋಲಿಸಿದ್ದು ನಾಲ್ಕನ್ನು. ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಬ್ರಿನೆಲ್ ಮಾಪನದಲ್ಲಿ ಅದರ ಗಡಸುತನ ಸುಮಾರು 5, ಉಗುರಿನಿಂದ ಗೀರಿದರೆ ಗೆರೆ ಬೀಳುವಷ್ಟು ಮೆದು. ವಾಹನಗಳ ಚಕ್ರಕ್ಕೆ ಸಮತೋಲನಕ್ಕೆಂದು ಸಿಕ್ಕಿಸುತ್ತಿದ್ದ ಹಳೆಯ ಸೀಸದ ತೂಕಗಳಲ್ಲಿ ಸ್ವಲ್ಪ ಆಂಟಿಮನಿ ಇರುವುದರಿಂದ ಗಡಸುತನ 12ರ ಆಸುಪಾಸಿಗೆ ಏರುತ್ತದೆ. 90 ಭಾಗ ಸೀಸ, 5 ಭಾಗ ತವರ, 5 ಭಾಗ ಆಂಟಿಮನಿ ಸೇರಿದ ಮಿಶ್ರಣ 15ರ ಹತ್ತಿರ ನಿಲ್ಲುತ್ತದೆ. ಹಿಂದೆ ಪತ್ರಿಕೆಗಳ ಮುದ್ರಣದಲ್ಲಿ ಸಾಲುಗಟ್ಟಲೆ ಅಕ್ಷರಗಳನ್ನು ಎರಕ ಹೊಯ್ಯಲು ಬಳಸುತ್ತಿದ್ದ ಲಿನೋಟೈಪ್ ಲೋಹದಲ್ಲಿ 84 ಭಾಗ ಸೀಸ, 12 ಭಾಗ ಆಂಟಿಮನಿ, 4 ಭಾಗ ತವರ ಇದ್ದು, ಅದರ ಗಡಸುತನ 22ರಷ್ಟು.

ಗಡಸಾದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ ಮೊದಲ ಕೆಲವು ತಿಂಗಳು ನಾನು ಪಿಸ್ತೂಲಿನ ಗುಂಡಿಗೂ ಲಿನೋಟೈಪನ್ನೇ ಬಳಸಿದೆ. ಅಚ್ಚು ಅದರಿಂದ ಬಹಳ ಚೆನ್ನಾಗಿ ತುಂಬುತ್ತದೆ, ಅಂಚುಗಳು ಕತ್ತರಿಸಿಟ್ಟಂತೆ ಬರುತ್ತವೆ. ಅದು ಕಡಿಮೆ ಕುಗ್ಗುವುದರಿಂದ ಅದೇ ಅಚ್ಚಿನಿಂದ ಶುದ್ಧ ಸೀಸಕ್ಕಿಂತ ಕೊಂಚ ದಪ್ಪನೆಯ, ಆದರೆ ತೂಕದಲ್ಲಿ ಹಗುರವಾದ ಗುಂಡು ಸಿಗುತ್ತದೆ. ಇಷ್ಟಿದ್ದೂ ಗುರಿಹಲಗೆಯ ಮೇಲೆ ಅದು ಚಕ್ರದ ತೂಕದ ಸೀಸಕ್ಕಿಂತ ಮೇಲೆನ್ನಿಸಲಿಲ್ಲ. ಚಕ್ರದ ತೂಕಗಳನ್ನು ಕರಗಿಸಿ, ನೂರಕ್ಕೆ ಎರಡು ಭಾಗದಷ್ಟು ತವರ ಸೇರಿಸಿದರೆ ಲೋಹದ ಮೇಲ್ಮೈ ಎಳೆತ ತಗ್ಗಿ ಅದೂ ಅಚ್ಚಿನ ಮೂಲೆಮೂಲೆಗೆ ಇಳಿಯುತ್ತದೆ. ಅಚ್ಚಿನಿಂದ ಬಿಸಿಬಿಸಿಯಾಗಿ ತಣ್ಣೀರಿಗೆ ಬೀಳಿಸಿದರೆ, ಅದರಲ್ಲಿರುವ ಆಂಟಿಮನಿ ಮತ್ತು ಅತ್ಯಲ್ಪ ಆರ್ಸೆನಿಕ್‌ನ ದೆಸೆಯಿಂದ, ಮುಂದಿನ ಕೆಲವು ದಿನಗಳಲ್ಲಿ ತಾನಾಗಿಯೇ ಗಡಸಾಗುತ್ತದೆ. ಆ ನೀರಿನ ಬಕೆಟ್ಟನ್ನು ಮಾತ್ರ ಸೀಸದ ಪಾತ್ರೆಯಿಂದ ದೂರ, ಅದಕ್ಕಿಂತ ತಗ್ಗಿನಲ್ಲಿ ಇಡಬೇಕು. ಕರಗಿದ ಸೀಸದೊಳಗೆ ಒಂದು ಹನಿ ನೀರು ಹೊಕ್ಕರೂ ಅದು ಕ್ಷಣದಲ್ಲಿ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗಿ ಇಡೀ ಪಾತ್ರೆಯನ್ನೇ ಮೇಲಕ್ಕೆ ಚಿಮ್ಮಿಸಬಲ್ಲದು. ತೇವವಿದ್ದ ಗಟ್ಟಿಯೊಂದನ್ನು ಅವಸರದಲ್ಲಿ ಹಾಕಿ ಮುಂದೋಳಿನ ಮೇಲೆ ಉಳಿಸಿಕೊಂಡ ಮೂರು ಕಲೆಗಳು ನನಗೆ ಅದನ್ನು ದಿನವೂ ನೆನಪಿಸುತ್ತವೆ.

ಚಕ್ರದ ತೂಕಗಳಲ್ಲಿ ಈಗ ಸತುವಿನವು ಬಹಳ ಬೆರೆತಿರುತ್ತವೆ, ಸತು ಬೆರೆತರೆ ಇಡೀ ಪಾತ್ರೆಯ ಲೋಹ ಗಂಜಿಯಂತಾಗಿ ಅಚ್ಚನ್ನು ತುಂಬುವುದಿಲ್ಲ. ಸತು ಕರಗುವುದು 419 ಡಿಗ್ರಿಯಲ್ಲಾದ್ದರಿಂದ ಥರ್ಮಾಮೀಟರ್ ಇಟ್ಟುಕೊಂಡು 370ರ ಒಳಗೆ ಕರಗಿಸಿದರೆ ಸತುವಿನ ತುಂಡುಗಳು ಮೇಲೆ ತೇಲುತ್ತವೆ, ಸೌಟಿನಿಂದ ಎತ್ತಿ ಎಸೆಯಬಹುದು. ವಾಹನದ ಬ್ಯಾಟರಿಯ ಫಲಕಗಳನ್ನು ಮಾತ್ರ ಯಾರೂ ಮುಟ್ಟಬಾರದು. ಅವುಗಳಿಂದ ಮಾರಕ ಅನಿಲಗಳು ಹೊರಡುವ ಅಪಾಯವಿದೆ.

ಇನ್ನು ಲೇಪನ. ಬರಿಯ ಸೀಸ ನಳಿಗೆಯಲ್ಲಿ ಓಡುವಾಗ ಒಳಮೈಗೆ ಮೆತ್ತಿಕೊಳ್ಳದಂತೆ ಅದಕ್ಕೊಂದು ಹೊದಿಕೆ ಬೇಕು. ಮೂರನ್ನು ಹೋಲಿಸಿದೆ. ಮೊದಲನೆಯದು ಜೇನುಮೇಣ ಮತ್ತು ಆಲಾಕ್ಸ್ ಎಂಬ ಜಿಡ್ಡನ್ನು ಸಮಭಾಗವಾಗಿ ಬೆರೆಸಿ ಗುಂಡಿನ ತೋಡುಗಳಿಗೆ ತುಂಬುವ ಹಳೆಯ ಪದ್ಧತಿ. ಎರಡನೆಯದು ಅದೇ ಆಲಾಕ್ಸ್‌ನ ದ್ರವರೂಪವನ್ನು ಗುಂಡುಗಳ ಮೇಲೆ ಹನಿಸಿ, ಡಬ್ಬಿಯಲ್ಲಿ ಹೊರಳಾಡಿಸಿ, ಒಂದು ರಾತ್ರಿ ಒಣಗಿಸುವುದು. ಮೂರನೆಯದು ಲೋಹದ ಬೇಲಿ, ಕುರ್ಚಿಗಳಿಗೆ ಬಳಿಯುವ ಪುಡಿಬಣ್ಣವನ್ನು, ಅಂದರೆ ಪೌಡರ್ ಕೋಟಿಂಗನ್ನು, ಗುಂಡಿಗೆ ಹಚ್ಚುವುದು. ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಗುಂಡು, ಪುಡಿ, ಆಟಿಕೆ ಬಂದೂಕಿನ ಪ್ಲಾಸ್ಟಿಕ್ ಮಣಿಗಳನ್ನು ಹಾಕಿ ಎರಡು ನಿಮಿಷ ಜೋರಾಗಿ ಅಲ್ಲಾಡಿಸಿದರೆ ಸ್ಥಿರ ವಿದ್ಯುತ್ತಿನಿಂದ ಪುಡಿ ಗುಂಡಿಗೆ ಅಂಟಿಕೊಳ್ಳುತ್ತದೆ. ಅದನ್ನು 200 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿದರೆ ಗಟ್ಟಿ ಚಿಪ್ಪಾಗುತ್ತದೆ. ಆ ಒಲೆಯನ್ನು ಮತ್ತೆಂದೂ ಅಡುಗೆಗೆ ಬಳಸಬಾರದು.

ಹಳೆಯ ಮೇಣ ರೈಫಲ್ಲಿನಲ್ಲಿ ಇಂದಿಗೂ ನನ್ನ ಆಯ್ಕೆ. ಆ ದಪ್ಪ ಗುಂಡು ನಿಧಾನವಾಗಿ ಹೋಗುತ್ತದೆ, ಮೇಣದ ತೋಡುಗಳು ಅಗಲವಾಗಿವೆ, ಐವತ್ತು ಗುಂಡು ಹಾರಿಸಿದ ಮೇಲೂ ನಳಿಗೆಯೊಳಗೆ ಸೀಸದ ಗುರುತು ಕಾಣುವುದಿಲ್ಲ. ಪಿಸ್ತೂಲಿನಲ್ಲಿ ಅದು ಹೊಗೆಯೆಬ್ಬಿಸುತ್ತದೆ, ಗುಂಡು ಕೂರಿಸುವ ಡೈಯೊಳಗೆ, ಅಂದರೆ ತೋಟಾ ಕಟ್ಟುವ ಪ್ರೆಸ್ಸಿಗೆ ಸಿಕ್ಕಿಸುವ ಉಕ್ಕಿನ ಕೊಳವೆಯಂಥ ಸಾಧನದೊಳಗೆ, ಮೆಲ್ಲಮೆಲ್ಲನೆ ಶೇಖರವಾಗಿ ತೋಟಾದ ಒಟ್ಟು ಉದ್ದವನ್ನೇ ಬದಲಿಸುತ್ತದೆ. ದ್ರವ ಆಲಾಕ್ಸ್ ಅತಿ ಸುಲಭದ್ದು, ಆದರೆ ಕೈಗೆ ಅಂಟುವ ಜಿಡ್ಡು ಪೂರ್ತಿ ಹೋಗುವುದೇ ಇಲ್ಲ. ಪುಡಿಬಣ್ಣದ ಗುಂಡು ಒಣ, ಹೊಗೆಯಿಲ್ಲದ್ದು, ಮುಟ್ಟಿದರೆ ಬೆರಳಿಗೆ ಸೀಸ ತಾಗುವುದಿಲ್ಲ. ಆ ಕೊನೆಯ ಗುಣವೊಂದಕ್ಕೇ ನಾನು ಪಿಸ್ತೂಲಿಗೆ ಅದನ್ನು ಆರಿಸಿಕೊಂಡಿದ್ದೇನೆ. ಅದರ ದೋಷಗಳನ್ನೂ ಹೇಳಬೇಕು. ಒಲೆಯ ಶಾಖ ನೀರಿನಲ್ಲಿ ಗಡಸುಮಾಡಿದ ಗುಂಡನ್ನು ಮತ್ತೆ ಮೆದುಮಾಡುತ್ತದೆ. ಚಿಪ್ಪಿನಿಂದ ಗುಂಡಿನ ಮೂತಿಯೂ ದಪ್ಪವಾಗುವುದರಿಂದ, ಮೊದಲು ಸಲೀಸಾಗಿ ಹೊಗುತ್ತಿದ್ದ ತೋಟಾ ನಳಿಗೆಯ ಬುಡದಲ್ಲಿ ಸಿಕ್ಕಿಕೊಳ್ಳಬಹುದು. ಗುಂಡನ್ನು ಇನ್ನಷ್ಟು ಆಳಕ್ಕೆ ಕೂರಿಸಿದರೆ ಅದು ಸರಿಹೋಗುತ್ತದೆ, ಆದರೆ 9 ಮಿ.ಮೀ.ನಂಥ ಚಿಕ್ಕ ಕೇಸಿನಲ್ಲಿ ಆಳ ಹೆಚ್ಚಿದಂತೆ ಒತ್ತಡವೂ ಏರುತ್ತದೆ. ಆದ್ದರಿಂದ ಉದ್ದ ಬದಲಾದರೆ ಮದ್ದನ್ನು ಕೈಪಿಡಿಯ ಕನಿಷ್ಠ ಪ್ರಮಾಣದಿಂದ ಹೊಸದಾಗಿ ಆರಂಭಿಸಬೇಕು.

ಇಷ್ಟೆಲ್ಲ ಹೋಲಿಕೆಯ ನಡುವೆ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ ಬೇರೆಯೇ ಇತ್ತು. ಪಿಸ್ತೂಲಿನಲ್ಲಿ ಮೇಣ ಹಚ್ಚಿದರೂ, ದ್ರವ ಹಚ್ಚಿದರೂ, ಲಿನೋಟೈಪಿನಷ್ಟು ಗಡಸಾದ ಗುಂಡನ್ನೇ ಬಳಸಿದರೂ ನಳಿಗೆಯ ಒಳಗೆ ಸೀಸ ಮೆತ್ತುತ್ತಲೇ ಇತ್ತು. ಮೆದು ಸೀಸದ ತುಂಡೊಂದನ್ನು ಎಣ್ಣೆ ಸವರಿದ ನಳಿಗೆಯೊಳಗೆ ತಳ್ಳಿ ಹೊರತೆಗೆದು ಮೈಕ್ರೋಮೀಟರಿನಲ್ಲಿ ಅಳೆದಾಗ ಒಳಗಿನ ಸುರುಳಿ ತೋಡುಗಳ ವ್ಯಾಸ 0.355 ಇಂಚು ಎಂದು ತಿಳಿಯಿತು. ನನ್ನ ಗುಂಡುಗಳು 0.356 ಇಂಚಿನವು, ಅಂದರೆ ಬೇಕಾದಷ್ಟೇ ದಪ್ಪ. ಲೆಕ್ಕ ಸರಿಯಾಗಿತ್ತು, ಫಲಿತಾಂಶ ಸರಿಯಿರಲಿಲ್ಲ. ಕೊನೆಗೆ, ಸಿದ್ಧವಾದ ತೋಟಾದಿಂದ, ಸುತ್ತಿಗೆಯಂತೆ ಕುಟ್ಟಿ ಗುಂಡನ್ನು ಬಿಡಿಸುವ ಸಾಧನದಿಂದ, ಗುಂಡೊಂದನ್ನು ಹೊರತೆಗೆದು ಅಳೆದೆ: 0.354 ಇಂಚು. ಕೇಸಿನ ಬಾಯಗಲಿಸುವ ಡೈ ತಾಮ್ರದ ಹೊದಿಕೆಯ ಕಾರ್ಖಾನೆ ಗುಂಡಿಗೆ ತಕ್ಕಷ್ಟು ಸಣ್ಣದಾಗಿತ್ತು. ಬಿಗಿಯಾದ ಹಿತ್ತಾಳೆಯೇ ಮೆದು ಸೀಸವನ್ನು ಹಿಂಡಿ ಕಿರಿದಾಗಿಸಿತ್ತು, ಕೊನೆಯಲ್ಲಿ ಬಾಯಿ ಬಿಗಿಮಾಡುವ ಡೈ ಅದನ್ನು ಇನ್ನಷ್ಟು ಅದುಮಿತ್ತು. ಎರಕದ ಗುಂಡಿಗೆಂದೇ ಮಾಡಿದ, ಕೊಂಚ ದಪ್ಪನೆಯ ಬಾಯಗಲಿಸುವ ಕಡ್ಡಿಯನ್ನು ಹಾಕಿ, ಬಾಯಿ ಬಿಗಿಮಾಡುವುದನ್ನು ಅಗಲಿಸಿದ ಅಂಚು ನೆಟ್ಟಗಾಗುವಷ್ಟಕ್ಕೆ ನಿಲ್ಲಿಸಿದೆ. ಮರುವಾರ ಅದೇ ಮಿಶ್ರಲೋಹ, ಅದೇ ದ್ರವ ಆಲಾಕ್ಸ್ ಇದ್ದೂ ನಳಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಸೀಸದ ಗಡಸುತನಕ್ಕೂ ಲೇಪನದ ಬಗೆಗೂ ಕೊಟ್ಟ ಗಮನವನ್ನು ಮೊದಲೇ ಈ ಅಳತೆಗೆ ಕೊಟ್ಟಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಪುಡಿಬಣ್ಣಕ್ಕೆ ಸಿಗುವ ಹೊಗಳಿಕೆಯ ಒಂದು ಪಾಲು ಇಲ್ಲಿಂದಲೇ ಬರುತ್ತದೆಂದು ನನ್ನ ಅಭಿಪ್ರಾಯ: ಅದರ ಗಟ್ಟಿ ಚಿಪ್ಪು ಅಳತೆಯ ತಪ್ಪನ್ನು ಸಹಿಸಿಕೊಳ್ಳುತ್ತದೆ, ಸರಿಪಡಿಸುವುದಿಲ್ಲ.

ತೋಟಾ ಕಟ್ಟುವ ಪ್ರೆಸ್ಸುಗಳಲ್ಲಿ ಒಂದೇ ಡೈ ಹಿಡಿಯುವುದನ್ನೂ, ಪ್ರತಿ ಎಳೆತಕ್ಕೊಂದು ತೋಟಾ ಹೊರಹಾಕುವ ಪ್ರಗತಿಶೀಲ ಮಾದರಿಯನ್ನೂ ಬಳಸಿದ್ದೇನೆ. ಎರಡನೆಯದರ ವೇಗ ನಿಜ. ಆದರೆ ಅದರಲ್ಲಿ ನಡುವೆ ಏನಾದರೂ ಸಿಕ್ಕಿಕೊಂಡು ಹಿಡಿಯನ್ನು ಹಿಂದೆಮುಂದೆ ಆಡಿಸಿದಾಗಲೇ ಒಂದು ಕೇಸಿಗೆ ಎರಡು ಸಲ ಮದ್ದು ಬೀಳುವ ಅಥವಾ ಬೀಳದೇ ಹೋಗುವ ಸಂಭವ ಹೆಚ್ಚು, ಮತ್ತು ಎರಡೂ ಅಪಾಯಕಾರಿ. ಒಂದೇ ಡೈಯ ಪ್ರೆಸ್ಸಿನಲ್ಲಿ ಐವತ್ತು ಕೇಸುಗಳನ್ನು ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ದೀಪ ಹಿಡಿದು ಮದ್ದಿನ ಮಟ್ಟವನ್ನು ಒಂದೊಂದರಲ್ಲೂ ನೋಡಬಹುದು. ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ.

ಹಳೆಯ ಕೇಸುಗಳನ್ನು ಶುಚಿಮಾಡುವುದರಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಉಳಿದಿಲ್ಲ. ಜೋಳದ ದಿಂಡಿನ ಹರಳಿನಲ್ಲಿ ಒಣದಾಗಿ ಹೊರಳಾಡಿಸಿದಾಗ ಏಳುವ ಧೂಳಿನಲ್ಲಿ ಪ್ರೈಮರಿನ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಕೇಸಿನ ಬುಡದ ಪುಟ್ಟ ಬಟ್ಟಲಿನ, ಸೀಸದ ಸಂಯುಕ್ತಗಳಿರುತ್ತವೆ, ಅದು ಉಸಿರಿಗೆ ಸೇರುತ್ತದೆ. ಎರಕದ ಶಾಖದಲ್ಲಿ ಸೀಸ ಆವಿಯಾಗುವುದು ತೀರ ಕಡಿಮೆ. ಮೈಗೆ ಸೇರುವ ಸೀಸ ಹೆಚ್ಚಾಗಿ ಈ ಧೂಳಿನಿಂದ, ಪಾತ್ರೆಯ ಮೇಲಿನಿಂದ ಕೆರೆದ ಕಿಟ್ಟದ ಪುಡಿಯಿಂದ, ತೊಳೆಯದ ಕೈಯಿಂದ ಬರುತ್ತದೆ. ಸ್ಟೀಲ್ ಸೂಜಿಗಳೊಂದಿಗೆ ನೀರಿನಲ್ಲಿ ಹೊರಳಾಡಿಸುವ ಪದ್ಧತಿಯಲ್ಲಿ ಧೂಳೇ ಏಳುವುದಿಲ್ಲ, ಕೇಸಿನ ಒಳಮೈ ಕೂಡ ಹೊಳೆಯುತ್ತದೆ. ಒಣಗಿಸುವುದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ, ಕೊಳೆ ನೀರನ್ನು ಜೋಪಾನವಾಗಿ ವಿಲೇವಾರಿ ಮಾಡಬೇಕಾಗುತ್ತದೆ. ಒಣ ಯಂತ್ರವನ್ನು ಬಿಟ್ಟುಬಿಟ್ಟಿದ್ದೇನೆ. ಮಕ್ಕಳು ಓಡಾಡುವ ಜಾಗಕ್ಕೆ ಎರಕದ ಬಟ್ಟೆ, ಪಾದರಕ್ಷೆಗಳನ್ನು ತರುವುದಿಲ್ಲ, ಮತ್ತು ರಕ್ತದಲ್ಲಿರುವ ಸೀಸದ ಮಟ್ಟವನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇನೆ.