ಮೆಟ್ ಮ್ಯೂಸಿಯಂನ ಉಚಿತ ಚಿತ್ರಗಳು, ಬೆಳಗಾವಿಯ ಪ್ರಿಂಟ್: ಒಬ್ಬ ಟೇಲರಮ್ಮನ ರಿವ್ಯೂ

ಬೆಳಗಾವಿಯ ಶಹಾಪುರದಲ್ಲಿ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿ ಇದೆ. ಬ್ಲೌಸ್, ಗೌನ್, ಮದುವೆ ಸೀಸನ್ ಬಂದರೆ ಲೆಹೆಂಗಾ. ಗೋಡೆಗೆ ಹೀರೋಯಿನ್ ಪೋಸ್ಟರ್ ಬೇಡ, ಬಟ್ಟೆಯನ್ನೇ ಚೆನ್ನಾಗಿ ತೋರಿಸುವ ಚಿತ್ರ ಬೇಕಿತ್ತು. ಹುಡುಕುತ್ತಾ ಹೋಗಿ ನಿಂತಿದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ವೆಬ್‌ಸೈಟಿನಲ್ಲಿ. ಕಾಪಿರೈಟ್ ಮುಗಿದ ಚಿತ್ರಗಳನ್ನು ಅವರು 2017ರಿಂದ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ಹಾಕಿಸಬಹುದು, ದುಡ್ಡಿಲ್ಲ, ಯಾರನ್ನೂ ಕೇಳಬೇಕಿಲ್ಲ.

ಹದಿನೆಂಟನೇ ಶತಮಾನದ ಫ್ರಾನ್ಸ್ ನನಗೆ ಸರಿಹೋಯಿತು. ಶತಮಾನದ ಬಹುಪಾಲು ರೊಕೊಕೊ ಎಂಬ ಶೈಲಿ: ರೇಷ್ಮೆ, ರಿಬ್ಬನ್, ಸೊಂಟದ ಎರಡೂ ಬದಿಗೆ ಬುಟ್ಟಿ ಕಟ್ಟಿದ ಹಾಗೆ ಅಗಲವಾಗುವ ಲಂಗ. ಕೊನೆ ಹೊತ್ತಿಗೆ ನಿಯೋಕ್ಲಾಸಿಕಲ್: ಹಳೇ ಗ್ರೀಕ್ ಮೂರ್ತಿಗಳ ಗುಂಗು, ಮಸ್ಲಿನ್ ಎಂಬ ತೆಳ್ಳನೆ ಬಿಳಿ ಹತ್ತಿ ಬಟ್ಟೆ, ಸೊಂಟಕ್ಕೆ ಒಂದು ಪಟ್ಟಿ, ಅಷ್ಟೆ. ಆ ಮಸ್ಲಿನ್ ನಮ್ಮ ಬಂಗಾಳದ ಕಡೆಯಿಂದಲೂ ಹೋಗುತ್ತಿತ್ತು. 1783ರಲ್ಲಿ ರಾಣಿ ಮೇರಿ ಆಂಟೊನೆಟ್ ಇಂಥ ಬಿಳಿ ಉಡುಪಿನಲ್ಲಿ ಕಾಣುವ ಚಿತ್ರವನ್ನು ವಿಜೀ ಲ ಬ್ರ್ಯೂನ್ ಎಂಬ ಚಿತ್ರಕಾರ್ತಿ ಪ್ರದರ್ಶನಕ್ಕಿಟ್ಟಳು. ರಾಣಿ ಒಳ ಅಂಗಿಯಲ್ಲಿ ಇದ್ದಂಗಿದೆ ಅಂತ ಜನ ಗಲಾಟೆ ಮಾಡಿದರು. ಚಿತ್ರವನ್ನು ತೆಗೆಯಬೇಕಾಯಿತು. ಆಮೇಲೆ ರೇಷ್ಮೆ ಉಡುಪಿನ ಇನ್ನೊಂದು ಚಿತ್ರ ಬರೆದಳು.

ನಾನು ಆರಿಸಿದ್ದು ಮೂರು. ಒಂದು, ಫ್ರಾಗೊನಾರ್ 1770ರ ದಶಕದ ಶುರುವಿನಲ್ಲಿ ಬರೆದ ಪ್ರೇಮಪತ್ರದ ಚಿತ್ರ. ನೀಲಿ ಉಡುಪಿನ ಹೆಣ್ಣು, ಪಕ್ಕದಲ್ಲಿ ನಾಯಿಮರಿ, ಇಬ್ಬರೂ ನಮ್ಮನ್ನೇ ನೋಡುತ್ತಾರೆ. ಎರಡು, ಲಬೀಯ್ ಗಿಯಾರ್ ಎಂಬ ಚಿತ್ರಕಾರ್ತಿ 1785ರಲ್ಲಿ ಇಬ್ಬರು ಶಿಷ್ಯೆಯರ ಜೊತೆ ತನ್ನನ್ನೇ ಬರೆದುಕೊಂಡ ಚಿತ್ರ. ಆಗ ಫ್ರಾನ್ಸಿನ ಚಿತ್ರಕಲಾ ಅಕಾಡೆಮಿಯಲ್ಲಿ ಹೆಂಗಸರಿಗೆ ನಾಲ್ಕೇ ಜಾಗ. ಇವಳು ಸ್ಯಾಟಿನ್ ಗೌನು, ಹುಲ್ಲಿನ ಟೋಪಿ ಹಾಕಿಕೊಂಡು ಬಣ್ಣದ ಕೆಲಸಕ್ಕೆ ಕೂತಿದ್ದಾಳೆ! ನಿಜವಾಗಿ ಯಾರೂ ಹಾಗೆ ಕೂರಲ್ಲ. ನೋಡಿ, ಇದೂ ನನಗೆ ಬರುತ್ತೆ ಅಂತ ತೋರಿಸಿದ್ದು. ಮಡಿಲಿನ ಹತ್ತಿರ ಜೂಮ್ ಮಾಡಿದರೆ ಸ್ಯಾಟಿನ್ ಎಲ್ಲಿ ಮುರಿಯುತ್ತದೆ, ಎಲ್ಲಿ ಹೊಳೆಯುತ್ತದೆ, ಎಲ್ಲಾ ಗೊತ್ತಾಗುತ್ತೆ.

ಮೂರನೆಯದು ದಾವಿದ್ 1788ರಲ್ಲಿ ಬರೆದ ವಿಜ್ಞಾನಿ ಲೆವಾಸಿಯೆ ದಂಪತಿಯ ಚಿತ್ರ. ಮೂಲದ್ದು ಎಂಟೂವರೆ ಅಡಿ ಎತ್ತರ. ಹೆಂಡತಿಗೆ ಬಿಳಿ ಮಸ್ಲಿನ್, ನೀಲಿ ಸೊಂಟಪಟ್ಟಿ. ಮ್ಯೂಸಿಯಂನವರು ಬಣ್ಣದ ಕೆಳಗೆ ಏನಿದೆ ಅಂತ ಪರೀಕ್ಷೆ ಮಾಡಿ 2021ರಲ್ಲಿ ಹೇಳಿದ್ದು ಏನೆಂದರೆ, ಮೊದಲು ಅವಳ ತಲೆ ಮೇಲೆ ರಿಬ್ಬನ್, ಹೂವಿನ ದೊಡ್ಡ ಟೋಪಿ ಇತ್ತಂತೆ. ಪ್ರಯೋಗದ ಗಾಜಿನ ಸಾಮಾನುಗಳೆಲ್ಲ ಆಮೇಲೆ ಸೇರಿದ್ದು. ಮೊದಲು ಬರೀ ಶ್ರೀಮಂತರು, ಬದಲಾಯಿಸಿದ ಮೇಲೆ ವಿಜ್ಞಾನಿಗಳು. ಆದರೂ 1794ರಲ್ಲಿ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, ಗಂಡನ ತಲೆ ಗಿಲೊಟಿನ್ ಎಂಬ ತಲೆ ಕಡಿಯುವ ಯಂತ್ರಕ್ಕೆ ಹೋಯಿತು.

ಈಗ ಪ್ರಿಂಟ್ ಕಥೆ. ಊರಿನ ಒಂದು ಅಂಗಡಿಗೆ ಕೊಟ್ಟೆ, ಹೆಸರು ಬೇಡ. ಹೊಳೆಯುವ ಕ್ಯಾನ್ವಾಸ್ ಮೇಲೆ ಹಾಕಿ, "ಮೇಡಂ, ಸ್ವಲ್ಪ ಬ್ರೈಟ್ ಮಾಡೇನಿ" ಅಂದರು. ಫ್ರಾಗೊನಾರ್ ಬಚಾವ್. ರೊಕೊಕೊ ರೇಷ್ಮೆಗೆ ಹೊಳಪು ಒಂಚೂರು ಜಾಸ್ತಿಯಾದರೂ ನಡೆಯುತ್ತೆ. ಲೆವಾಸಿಯೆ ಹೆಂಡತಿಯ ಉಡುಪು ಮಾತ್ರ ಸುಣ್ಣ ಬಳಿದ ಗೋಡೆ ಆಗಿತ್ತು. ಆ ಬಿಳಿಯೊಳಗೆ ಬೂದಿ, ನೀಲಿ, ಹಳದಿ ಛಾಯೆ ಇರೋದರಿಂದಲೇ ನೆರಿಗೆ ಕಾಣೋದು. ಬ್ರೈಟ್ ಮಾಡಿದರೆ ಮೊದಲು ಹೋಗೋದು ಅದೇ. ಸಾಲದ್ದಕ್ಕೆ ಫ್ರೇಮಿಗೆ ಹೊಂದಿಸಲು ಕೆಳಗೆ ಕತ್ತರಿಸಿದ್ದರು, ನೆಲದ ಮೇಲಿನ ಗಾಜಿನ ಬುರುಡೆ ಅರ್ಧ ಮಾಯ. ಸುತ್ತ ಹೂಬಳ್ಳಿಯ ಬಂಗಾರದ ಫೈಬರ್ ಫ್ರೇಮ್ ಬೇರೆ. ಅಷ್ಟು ಶಿಸ್ತಿನ ಚಿತ್ರಕ್ಕೆ ಆ ಫ್ರೇಮ್ ಯಾಕೆ?

ಜಗಳ ಆಡಲಿಲ್ಲ. ಅದೇ ಅಂಗಡಿಯಲ್ಲಿ ಮ್ಯಾಟ್ ಪೇಪರ್ ಮೇಲೆ, ಬಣ್ಣ ಮುಟ್ಟದೆ, ತೆಳ್ಳನೆ ಕಪ್ಪು ಮರದ ಚೌಕಟ್ಟಿಗೆ ಮತ್ತೆ ಮಾಡಿಸಿದೆ. ಈಗ ತೋಳಿನ ಸುಕ್ಕು ಕೂಡ ಕಾಣುತ್ತೆ. ಚೌಕಟ್ಟಿನ ಖರ್ಚು ಪ್ರಿಂಟಿಗಿಂತ ಜಾಸ್ತಿ ಆಯಿತು, ಇರಲಿ. ಮೊನ್ನೆ ಒಬ್ಬ ಗಿರಾಕಿ ಅದನ್ನೇ ತೋರಿಸಿ, ಮಗಳ ಗೌನಿಗೆ ಅಂಥದ್ದೇ ನೀಲಿ ಪಟ್ಟಿ ಬೇಕು ಅಂದರು.

ವೆಬ್‌ಸೈಟಿಗೆ ಐದಕ್ಕೆ ನಾಲ್ಕೂವರೆ. ಚಿತ್ರಗಳಷ್ಟೇ ಅಲ್ಲ, ಆ ಕಾಲದ ನಿಜವಾದ ಗೌನುಗಳ ಫೋಟೋಗಳೂ ಇವೆ. ಕೆಲವನ್ನು ಹಿಂದಿನಿಂದಲೂ ತೆಗೆದಿದ್ದಾರೆ. ಕುತ್ತಿಗೆಯಿಂದ ನೆಲದವರೆಗೆ ಇಳಿಯುವ ಬೆನ್ನಿನ ನೆರಿಗೆ ಹೇಗೆ ಕೂರಿಸಿದ್ದಾರೆ ಅಂತ ಮುಂದಿನಿಂದ ಬರೆದ ಚಿತ್ರದಲ್ಲಿ ತಿಳಿಯಲ್ಲ, ಅಲ್ವಾ? ಅರ್ಧ ಅಂಕ ಕಡಿಮೆ ಯಾಕೆಂದರೆ ಎಲ್ಲಾ ಇಂಗ್ಲಿಷಿನಲ್ಲಿದೆ, ಸರಿಯಾದ ಪದ ಗೊತ್ತಿಲ್ಲದಿದ್ದರೆ ಹುಡುಕೋದು ಕಷ್ಟ. ಪ್ರಿಂಟ್ ಅಂಗಡಿಗೆ ಮೂರು.

ನೀವೂ ಮಾಡಿಸುವುದಾದರೆ ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಕುಗ್ಗಿ ಹೋಗುತ್ತೆ. ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಉದ್ದದಲ್ಲಿ 3,600 ಪಿಕ್ಸೆಲ್ ಇದ್ದರೆ 12 ಇಂಚಿಗೆ ಚೊಕ್ಕ ಬರುತ್ತದೆ, ದೂರದಿಂದ ನೋಡುವ ಗೋಡೆಗೆ 24 ಇಂಚಾದರೂ ಪರವಾಗಿಲ್ಲ. ದೊಡ್ಡದು ಹಾಕಿಸುವ ಮೊದಲು ಬಿಳಿ ಬಟ್ಟೆ ಇರುವ ಭಾಗವನ್ನಷ್ಟೇ ಅಂಗೈ ಅಗಲ ಪ್ರಿಂಟ್ ತೆಗೆಸಿ, ಹೊರಗೆ ಬಿಸಿಲಿಗೆ ಹಿಡಿದು ನೋಡಿ.