ಮೂರು ಮಳೆಗಾಲ ಕಂಡ ನೆಟ್‌ವರ್ಕ್ ಅಡಾಪ್ಟರ್: ಎಲ್ಲ ಚೆನ್ನ, ಆ ಸ್ಟಿಕರ್ ಒಂದು ಬಿಟ್ಟು

ಗೋವಾದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನನ್ನದು ಸಣ್ಣ ಇನ್‌ಸ್ಟ್ರುಮೆಂಟೇಶನ್ ಕಾಂಟ್ರ್ಯಾಕ್ಟ್ ಕೆಲಸ. ನಾನು, ಗದಗ ಕಡೆಯ ಇಬ್ಬರು ಹುಡುಗರು, ಒಂದು ಹಳೇ ಓಮ್ನಿ, ಇಷ್ಟೇ ನಮ್ಮ ಬಳಗ. ಅಲ್ಲಿನ ಒಂದು ಔಷಧ ಕಾರ್ಖಾನೆಯ ಸಾಲ್ವೆಂಟ್ ಯಾರ್ಡ್‌ನಲ್ಲಿ, ಅಂದರೆ ಬೇಗ ಹೊತ್ತಿಕೊಳ್ಳುವ ದ್ರಾವಕಗಳನ್ನು ಇಡುವ ಅಂಗಳದಲ್ಲಿ, 2022ರ ನವೆಂಬರ್‌ನಲ್ಲಿ ಈ ಅಡಾಪ್ಟರ್ ಹಾಕಿದೆವು. ಈಗ ಅದು ಮೂರು ಮಳೆಗಾಲ ಕಂಡಿದೆ. ವಾಲ್ವ್, ಲೆವೆಲ್ ಸ್ವಿಚ್, ಪ್ರೆಶರ್ ಟ್ರಾನ್ಸ್‌ಮಿಟರ್ ಇವುಗಳ ಸಿಗ್ನಲ್ ಎಲ್ಲ ಒಂದು ಕಡೆ ಸೇರಿಸಿ, ಒಂದೇ ಈಥರ್ನೆಟ್ ಕೇಬಲ್‌ನಲ್ಲಿ ಕಂಟ್ರೋಲ್ ರೂಮಿನ ಪಿಎಲ್‌ಸಿಗೆ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಕಳಿಸುವ ಅಂಗೈಯಷ್ಟು ಮಾಡ್ಯೂಲ್ ಇದು. ಸ್ಪೀಡ್ ಎಷ್ಟು, ಕನೆಕ್ಷನ್ ಎಷ್ಟು ಎಂಬುದೆಲ್ಲ ಆಯಾ ಮಾಡ್ಯೂಲ್‌ನ ಡೇಟಾಶೀಟ್‌ನಲ್ಲಿರುತ್ತದೆ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ತೊಂದರೆಯನ್ನು ಬೇರೆ ಕಂಪನಿಗಳ ಇಂಥದ್ದೇ ಮಾಡ್ಯೂಲ್‌ಗಳಲ್ಲೂ ಕಂಡಿದ್ದೇನೆ.

ಮೊದಲು ಇಷ್ಟವಾದದ್ದು ಹೇಳುತ್ತೇನೆ. ಮಾಡ್ಯೂಲ್ ಮುಖದ ಮೇಲೆ ಮೂರು ಪುಟ್ಟ ಚಕ್ರಗಳಿವೆ. ಒಂದೊಂದರಲ್ಲೂ ಸೊನ್ನೆಯಿಂದ ಒಂಬತ್ತು. ಸಣ್ಣ ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಟಿಕ್ ಅಂತ ಒಂದು ಅಂಕಿ ಮುಂದೆ ಹೋಗುತ್ತದೆ. 0, 2, 7 ಅಂತ ಇಟ್ಟರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸದ ಕೊನೆಯ ಭಾಗ 27 ಆಯಿತು. ಅಷ್ಟೇ ಕೆಲಸ. ಸಾಫ್ಟ್‌ವೇರ್ ಬೇಡ, ಲ್ಯಾಪ್‌ಟಾಪ್ ಬೇಡ. ಆಫೀಸ್‌ನಲ್ಲಿ ಕೂತು ಕೆಲಸ ಮಾಡುವವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಆದರೆ ಸಾಲ್ವೆಂಟ್ ಯಾರ್ಡ್‌ಗೆ ಲ್ಯಾಪ್‌ಟಾಪ್ ಒಯ್ಯಬೇಕೆಂದರೆ ಪರ್ಮಿಟ್ ಬೇಕು, ಗ್ಯಾಸ್ ಟೆಸ್ಟ್ ಆಗಬೇಕು, ಸೇಫ್ಟಿ ಆಫೀಸರ್ ಪಕ್ಕದಲ್ಲೇ ನಿಂತಿರಬೇಕು. ಮೊಬೈಲ್ ಅಂತೂ ಗೇಟ್ ಹತ್ತಿರದ ಡಬ್ಬಿಯಲ್ಲೇ ಉಳಿಯುತ್ತದೆ. ಅಂಥ ಕಡೆ ವಿಳಾಸವನ್ನು ಕೈಯಿಂದಲೇ ಇಡುವಂತೆ ಮಾಡಿದವರಿಗೆ ನಮ್ಮ ಕೆಲಸ ಗೊತ್ತಿದೆ ಅಂತಲೇ ನನಗೆ ಅನ್ನಿಸಿತು. ಒಂದು ಮಾತು ನೆನಪಿಡಿ. ಪವರ್ ಬರುವಾಗ ಮಾತ್ರ ಮಾಡ್ಯೂಲ್ ಆ ಚಕ್ರಗಳನ್ನು ಓದುತ್ತದೆ. ಚಾಲೂ ಇರುವಾಗ ತಿರುಗಿಸಿದರೆ ಏನೂ ಬದಲಾಗುವುದಿಲ್ಲ. ನಾನು ಕಂಟ್ರೋಲ್ ರೂಮಿನ ಟೇಬಲ್ ಮೇಲೇ ವಿಳಾಸ ಇಟ್ಟು, ಪವರ್ ಕೊಟ್ಟು, ಉತ್ತರ ಕೊಡುತ್ತದಾ ಎಂದು ಕಂಪ್ಯೂಟರ್‌ನಿಂದ ಪಿಂಗ್ ಮಾಡಿ ನೋಡಿ, ಆಮೇಲೆ ಸ್ಟ್ಯಾಟಿಕ್ ತಡೆಯುವ ಚೀಲದಲ್ಲಿ ಹಾಕಿಕೊಂಡು ಯಾರ್ಡ್‌ಗೆ ಹೋಗುತ್ತೇನೆ.

ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಉರಿಯುವ ಆವಿ ಸದಾ ಇರುವ ಜಾಗ ಝೋನ್ 0. ಕೆಲಸ ನಡೆಯುವಾಗ ಒಮ್ಮೊಮ್ಮೆ ಬರಬಹುದಾದ ಜಾಗ ಝೋನ್ 1. ಸಾಮಾನ್ಯವಾಗಿ ಬರುವುದಿಲ್ಲ, ಬಂದರೂ ಸ್ವಲ್ಪ ಹೊತ್ತು ಮಾತ್ರ ಅನ್ನುವ ಜಾಗ ಝೋನ್ 2. ಈ ಮಾಡ್ಯೂಲ್‌ಗೆ ಒಪ್ಪಿಗೆ ಇರುವುದು ಝೋನ್ 2ಕ್ಕೆ ಮಾತ್ರ, ಅದೂ ಪೆಟ್ಟಿಗೆಯೊಳಗೆ ಹಾಕಿದರೆ. ಬರೀ ಮಾಡ್ಯೂಲ್‌ಗೆ ಧೂಳು, ನೀರು ತಡೆಯುವ ಶಕ್ತಿ ಇಲ್ಲ. ಪೆಟ್ಟಿಗೆ ಕಡಿಮೆಯೆಂದರೂ ಐಪಿ 54 ಇರಬೇಕು (ಈ ಐಪಿ ಧೂಳು, ನೀರು ತಡೆಯುವ ದರ್ಜೆ, ಮೇಲೆ ಹೇಳಿದ ವಿಳಾಸವಲ್ಲ), ಟೂಲ್ ಇಲ್ಲದೆ ತೆರೆಯಲು ಬರುವಂತಿರಬಾರದು. ಟ್ಯಾಂಕ್ ಪಕ್ಕದ ಝೋನ್ 1ರ ಉಪಕರಣಗಳೇ ಬೇರೆ ಜಾತಿಯವು. ಅವುಗಳ ವೈರ್, ಕರೆಂಟಿನ ಶಕ್ತಿಗೆ ಮಿತಿ ಹಾಕುವ ಬ್ಯಾರಿಯರ್ ದಾಟಿ ನಮ್ಮ ಪೆಟ್ಟಿಗೆಗೆ ಬರುತ್ತವೆ. ಇನ್ನು ಮಾಡ್ಯೂಲ್ ಮೇಲೆ ಟಿ4 ಅಂತ ಬರೆದಿದೆಯಲ್ವಾ, ಅದರ ಅರ್ಥ ಅದು 135 ಡಿಗ್ರಿ ದಾಟಿ ಬಿಸಿಯಾಗುವುದಿಲ್ಲ ಎಂದು. ನಮ್ಮ ಯಾರ್ಡ್‌ನಲ್ಲಿ ಬಳಸುವ ಟೊಲ್ಯೂಯಿನ್ ಎಂಬ ದ್ರಾವಕ ತಾನಾಗಿ ಹೊತ್ತಿಕೊಳ್ಳುವುದು ಸುಮಾರು 480 ಡಿಗ್ರಿಗೆ, ಹಾಗಾಗಿ ಆ ಚಿಂತೆ ಇಲ್ಲ. ತೀರಾ ಕಡಿಮೆ ಶಾಖಕ್ಕೇ ಹೊತ್ತುವ ಡೈಈಥೈಲ್ ಈಥರ್ ಇರುವ ಕಡೆ ಆದರೆ, ಇನ್ನೂ ಹೆಚ್ಚು ಬಿಸಿಯಾಗಬಲ್ಲ ಟಿ3 ಸಾಕಾಗುವುದಿಲ್ಲ, ಟಿ4 ಬೇಕೇ ಬೇಕು.

ನಮ್ಮಲ್ಲಿ ಪ್ಯಾನೆಲ್ ಮಾಡುವವರಿಗೆ ಒಂದು ಅಭ್ಯಾಸವಿದೆ. ಯಾವ ಪ್ಯಾನೆಲ್ ಕೇಳಿದರೂ ಒಳಗೆ ಒಂದು ಟ್ಯೂಬ್‌ಲೈಟ್, ಒಂದು 5 ಆಂಪ್ ಸಾಕೆಟ್, ಬಾಗಿಲಿಗೆ ಒಂದು ಫ್ಯಾನ್. ನಮ್ಮ ಈ ಪೆಟ್ಟಿಗೆಗೂ ಹಾಗೇ ಮಾಡಿ ಕಳಿಸಿದ್ದರು. ಮೂರನ್ನೂ ತೆಗೆಸಿದೆ. ಝೋನ್ 2ರಲ್ಲಿ ಸಾದಾ ಸಾಕೆಟ್‌ಗೆ ಯಾರೋ ಡ್ರಿಲ್ ಮೆಷಿನ್ ಚುಚ್ಚಿದರೆ ಮುಗಿಯಿತು. ಫ್ಯಾನ್‌ಗೆ ಕೊರೆದ ತೂತಿನಿಂದ ಪೆಟ್ಟಿಗೆಯ ಐಪಿಯೂ ಹೋಗುತ್ತದೆ. ಕೊನೆಗೆ ಹೊಸ ಬಾಗಿಲು ತರಿಸಬೇಕಾಯಿತು. ಬಿಸಿಲಿಗೆ ಮೇಲೊಂದು ತಗಡಿನ ಚಪ್ಪರ ಹಾಕಿಸಿದೆ. ಮೇ ತಿಂಗಳಲ್ಲೂ ಒಳಗಿನ ಶಾಖ ಮಾಡ್ಯೂಲ್‌ನ ಮಿತಿಯೊಳಗೇ ಇದೆ.

ಪ್ಯಾನೆಲ್‌ನವರು ಹಾಕಿದ್ದ ರೈಲ್ ಕೂಡ ಕೈಕೊಟ್ಟಿತು. ಈ ಮಾಡ್ಯೂಲ್‌ಗೆ ಅರ್ಥಿಂಗ್ ಸಿಗುವುದೇ ಅದು ಕೂರುವ ಡಿನ್ ರೈಲ್ ಎಂಬ ಲೋಹದ ಪಟ್ಟಿಯಿಂದ. ಸತುವಿನ ಲೇಪ ಇರುವ, ಹಳದಿ ಹೊಳಪಿನ ಸ್ಟೀಲ್ ರೈಲ್ ಹಾಕಿ ಅಂತ ಮಾಡ್ಯೂಲ್ ಜೊತೆಗಿನ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಅವರು ಅಲ್ಯೂಮಿನಿಯಂ ಹಾಕಿದ್ದರು. ಸಮುದ್ರದ ಉಪ್ಪು ಗಾಳಿಗೆ ಮೊದಲ ಮಳೆಗಾಲದಲ್ಲೇ ಅದರ ಮೇಲೆ ಬೂದಿಯಂಥ ಪುಡಿ ಎದ್ದಿತು, ನೆಟ್‌ವರ್ಕ್ ಬಿಟ್ಟು ಬಿಟ್ಟು ಬರತೊಡಗಿತು, ಕೇಬಲ್ ಬದಲಿಸಿದೆವು, ಸ್ವಿಚ್ ಬದಲಿಸಿದೆವು, ಎರಡು ವಾರ ಒದ್ದಾಡಿ ಕೊನೆಗೆ ರೈಲ್ ಬದಲಿಸಿದ ಮೇಲೆ ಆ ತೊಂದರೆ ಒಂದು ಸಲವೂ ಬಂದಿಲ್ಲ.

ರೈಲ್ ಸರಿಯಿದ್ದರೆ ಸಾಲದು, ನೆಲವೂ ಸರಿಯಿರಬೇಕು. ಇಲ್ಲಿಯದು ಚಿರೆಕಲ್ಲಿನ ಕೆಂಪು ನೆಲ. ನಮ್ಮ ಗದಗಿನ ಎರೆ ಮಣ್ಣಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಏಪ್ರಿಲ್ ಬಂತೆಂದರೆ ಅರ್ಥ್ ಟೆಸ್ಟರ್‌ನಲ್ಲಿ ರೀಡಿಂಗ್ ಏರುತ್ತಾ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಪ್ರತಿ ಶನಿವಾರ ನಾನೇ ಹೋಗಿ ಅರ್ಥಿಂಗ್ ಪಿಟ್‌ಗೆ ಎರಡು ಬಕೆಟ್ ನೀರು ಹಾಕುತ್ತೇನೆ. ತುಳಸಿಗೆ ನೀರು ಹಾಕಿದಷ್ಟೇ ನಿಧಾನವಾಗಿ. ಇದ್ದಿಲು, ಉಪ್ಪು ತುಂಬಿದ ಪಿಟ್ ಅದು. ಒಮ್ಮೆಲೇ ಸುರಿದರೆ ನೀರು ಪಕ್ಕಕ್ಕೆ ಹರಿದುಹೋಗುತ್ತದೆ. ನಿಧಾನಕ್ಕೆ ಸುರಿದರೆ ಗುಳುಗುಳು ಅಂತ ಒಳಗೆ ಇಳಿಯುವ ಸದ್ದು ಕೇಳುತ್ತದೆ.

ದಿನಾ ಬೆಳಿಗ್ಗೆಯದು ಇನ್ನೊಂದು ಕೆಲಸ. ಪೆಟ್ಟಿಗೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕಿಟಕಿ ಇದೆ. ಹಳೇ ಕಾಟನ್ ಲುಂಗಿಯ ತುಂಡನ್ನು ನೀರಲ್ಲಿ ಹಿಂಡಿ ಅದನ್ನು ಒರೆಸುತ್ತೇನೆ. ಒಣ ಬಟ್ಟೆಯಿಂದ ಉಜ್ಜಬಾರದು, ಪ್ಲಾಸ್ಟಿಕ್ ಮೇಲೆ ಸ್ಟ್ಯಾಟಿಕ್ ಕೂರುತ್ತದೆ, ಕಿಡಿಗೆ ಅದೂ ಒಂದು ದಾರಿ. ಒರೆಸಿದ ಮೇಲೆ ಒಳಗಿನ ಮೂರು ದೀಪ ನೋಡುತ್ತೇನೆ. ಮೂರೂ ಹಸಿರು ಇದ್ದರೆ ಕ್ಯಾಂಟೀನ್‌ಗೆ ಹೋಗಿ ಚಹಾ, ಪಾವ್ ಭಾಜಿ.

ಇನ್ನು ಸಿಟ್ಟು ಬಂದ ವಿಷಯ.

ಈ ಮಾಡ್ಯೂಲ್ ಮಾರುವಾಗ ದೊಡ್ಡದಾಗಿ ಹೇಳುವ ಮಾತು, ಪವರ್ ಚಾಲೂ ಇರುವಾಗಲೇ ತೆಗೆದು ಹಾಕಬಹುದು ಎಂದು. ಕ್ಯಾಟಲಾಗ್‌ನ ಮೊದಲ ಪುಟದಲ್ಲೇ ಇದೆ. ಮಾಡ್ಯೂಲ್‌ನ ಕೊಂಡಿ ಕೂಡ ಅಷ್ಟು ನಯ, ಬೆರಳಿನಿಂದ ಒತ್ತಿ ಎಳೆದರೆ ಬೆಣ್ಣೆಯಂತೆ ಹೊರಗೆ ಬರುತ್ತದೆ. ಆದರೆ ಸ್ಫೋಟದ ಅಪಾಯವಿರುವ ಜಾಗದಲ್ಲಿ ಹಾಗೆ ಮಾಡಲೇಬಾರದು. ಪವರ್ ತೆಗೆದಿರಬೇಕು, ಇಲ್ಲವೇ ಅಲ್ಲಿ ಉರಿಯುವ ಆವಿ ಇಲ್ಲ ಎಂದು ಖಾತ್ರಿ ಇರಬೇಕು. ಈ ಎಚ್ಚರಿಕೆ ಎಲ್ಲಿದೆ ಗೊತ್ತಾ? ಪುಸ್ತಕದ ನಡುವೆ ಒಂದು ಚೌಕದಲ್ಲಿ, ಮತ್ತೆ ಮಾಡ್ಯೂಲ್‌ನ ಪಕ್ಕೆಗೆ ಅಂಟಿಸಿದ ಸ್ಟಿಕರ್ ಮೇಲೆ. ಪಕ್ಕದ ಮಾಡ್ಯೂಲ್ ಜೋಡಿಸಿದ ತಕ್ಷಣ ಆ ಸ್ಟಿಕರ್ ಮುಚ್ಚಿಹೋಗುತ್ತದೆ. ಒಂದು ಸಲ ಹಾಕಿದ ಮೇಲೆ, ಪೆಟ್ಟಿಗೆ ತೆರೆದವರ ಕಣ್ಣಿಗೆ ಆ ಮಾತು ಬೀಳುವುದೇ ಇಲ್ಲ. ಕಾಣುವುದು ಆ ನಯವಾದ ಕೊಂಡಿ ಮಾತ್ರ.

ಎರಡನೇ ಮಳೆಗಾಲದ ಒಂದು ರಾತ್ರಿ, ಎರಡೂವರೆ ಹೊತ್ತಿಗೆ ನಮ್ಮ ಹುಡುಗನ ಫೋನ್ ಬಂತು. ಕಂಟ್ರೋಲ್ ರೂಮಿನ ಫೋನ್‌ನಿಂದ ಮಾಡಿದ್ದ. "ಅಣ್ಣಾ, ಕೆಂಪು ದೀಪ ಮಿಣಕ್ತಿತ್ತು, ಮಾಡ್ಯೂಲ್ ತೆಗೆದು ಮತ್ತ ಹಚ್ಚಿದೆ, ಚಾಲೂ ಆತು ನೋಡ್ರಿ" ಅಂದ. ಖುಷಿಯಲ್ಲೇ ಹೇಳಿದ. ಪವರ್ ತೆಗೆದಿದ್ಯಾ ಅಂತ ಕೇಳಿದೆ. ಇಲ್ಲ ಅಂದ. ನನಗೆ ಮಾತೇ ಹೊರಡಲಿಲ್ಲ. ಅವತ್ತು ಪೆಟ್ಟಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಡ್ರಮ್‌ಗಳಿಂದ ಟೊಲ್ಯೂಯಿನ್ ಪಂಪ್ ಮಾಡುತ್ತಿದ್ದರು. ಗ್ಯಾಸ್ ಡಿಟೆಕ್ಟರ್ ಸೊನ್ನೆ ತೋರಿಸುತ್ತಿತ್ತಂತೆ. ಏನೂ ಆಗಲಿಲ್ಲ.

ಈ ಮಾಡ್ಯೂಲ್‌ಗೆ ಬರುವ 24 ವೋಲ್ಟ್ ಕೈಗೆ ತಾಗಿದರೆ ಚುರ್ ಅನ್ನುವುದೂ ಇಲ್ಲ, ಅದಕ್ಕೇ ನಮ್ಮ ಹುಡುಗರಿಗೆ ಅದರ ಭಯವಿಲ್ಲ. ಆದರೆ ಹರಿಯುತ್ತಿರುವ ಕರೆಂಟನ್ನು ಕಿತ್ತ ಕ್ಷಣ ಪಿನ್‌ಗಳ ನಡುವೆ ಕಿಡಿ ಹಾರುತ್ತದೆ. ಟೊಲ್ಯೂಯಿನ್ ಆವಿ ಹೊತ್ತಿಕೊಳ್ಳಲು ಒಂದು ಮಿಲಿಜೂಲ್‌ಗಿಂತಲೂ ಕಡಿಮೆ ಶಕ್ತಿಯ ಕಿಡಿ ಸಾಕು. ಗಾಳಿಯಲ್ಲಿ ಸುಮಾರು 1.1% ಆವಿ ಸೇರಿದರೆ ಅದು ಹತ್ತುವ ಮಿಶ್ರಣ. 4 ಡಿಗ್ರಿ ಶಾಖದಲ್ಲೇ ಹೊತ್ತುವಷ್ಟು ಆವಿ ಬಿಡುವ ದ್ರವ ಅದು, ಗೋವಾದಲ್ಲಿ ಯಾವ ಕಾಲದಲ್ಲೂ ಆವಿ ಇದ್ದೇ ಇರುತ್ತದೆ. ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಮೇಲೇರಿ ಹೋಗುವುದಿಲ್ಲ, ಕೇಬಲ್ ಟ್ರೆಂಚ್‌ನಲ್ಲಿ ಹರಿದು ಪೆಟ್ಟಿಗೆಯ ಕಾಲ ಬಳಿ ಬಂದು ನಿಲ್ಲುತ್ತದೆ. ಕೇಬಲ್ ಒಳಹೋಗುವ ತೂತನ್ನು ಬಿಗಿಮಾಡುವ ಗ್ಲ್ಯಾಂಡ್ ಒಂದು ಸಡಿಲ ಇದ್ದರೂ ಒಳಗೆ ನುಗ್ಗುತ್ತದೆ. ಅವತ್ತು ಗಾಳಿ ಸಮುದ್ರದ ಕಡೆಯಿಂದ ಜೋರಾಗಿ ಬೀಸುತ್ತಿತ್ತು, ಬಚಾವಾದೆವು.

ಹುಡುಗನಿಗೆ ಬೈಯಲಿಲ್ಲ. ಬೆಳಿಗ್ಗೆ ಕೂರಿಸಿಕೊಂಡು ಯಾಕೆ ಪವರ್ ತೆಗೆಯಲಿಲ್ಲ ಅಂತ ಕೇಳಿದೆ. "ಎಂಸಿಬಿ ಆಫ್ ಮಾಡಿದ್ರ ಪೂರಾ ಪ್ಯಾನೆಲ್ ಬಂದ್ ಆಗ್ತೈತಲ್ಲ ಅಣ್ಣಾ, ಎಲ್ಲಾ ವಾಲ್ವ್ ಮುಚ್ಚಿಕೊಳ್ತಾವ, ಬ್ಯಾಚ್ ಹೋಗ್ತೈತಿ, ಶಿಫ್ಟ್ ಇನ್‌ಚಾರ್ಜ್ ಸುಮ್ನೆ ಬಿಡ್ತಾರೇನ್ರಿ?" ಅಂದ. ಅವನು ಹೇಳಿದ್ದು ನಿಜ. ಇಡೀ ಪೆಟ್ಟಿಗೆಗೆ ಒಂದೇ ಎಂಸಿಬಿ (ಪವರ್ ಕಡಿಯುವ ಸ್ವಿಚ್) ಇಟ್ಟವನು ನಾನೇ. ಖರ್ಚು ಉಳಿಸಲು ಹಾಗೆ ಮಾಡಿದ್ದೆ. ಪವರ್ ತೆಗೆಯುವುದನ್ನು ಅಷ್ಟು ದುಬಾರಿ ಮಾಡಿಟ್ಟರೆ ರಾತ್ರಿ ಎರಡೂವರೆಗೆ ಯಾರು ತೆಗೆಯುತ್ತಾರೆ?

ಮುಂದಿನ ಶಟ್‌ಡೌನ್‌ನಲ್ಲಿ ಬದಲಿಸಿದೆ. ಅಡಾಪ್ಟರ್‌ಗೆ ಬೇರೆ ಎಂಸಿಬಿ, ವಾಲ್ವ್‌ಗಳ ಔಟ್‌ಪುಟ್‌ಗೆ ಬೇರೆ, ಎರಡೂ ಕಂಟ್ರೋಲ್ ರೂಮಿನಲ್ಲಿ, ಅಂದರೆ ಅಪಾಯದ ಜಾಗದ ಹೊರಗೆ. ಎರಡಕ್ಕೂ ಬೀಗ ಹಾಕುವ ಕ್ಲಿಪ್. ಅಡಾಪ್ಟರ್ ಆರಿದರೂ ವಾಲ್ವ್‌ಗಳು ಮುಚ್ಚುತ್ತವೆ, ಅದು ಹಾಗೇ ಇರಬೇಕು. ಆದರೆ ಅದಕ್ಕೆ ಮೊದಲು ಬ್ಯಾಚನ್ನು ಹೋಲ್ಡ್‌ಗೆ ತರುವ ಒಂದು ಬಟನ್ ಪಿಎಲ್‌ಸಿಯಲ್ಲಿ ಬರೆಸಿದೆ. ಈಗ ಕ್ರಮ ಹೀಗಿದೆ: ಹೋಲ್ಡ್ ಒತ್ತು, ಎಂಸಿಬಿ ಆಫ್ ಮಾಡು, ಬೀಗ ಹಾಕಿ ಕೀಲಿ ಜೇಬಿಗೆ ಇಟ್ಟುಕೋ, ಗ್ಯಾಸ್ ನೋಡು, ಆಮೇಲೆ ಬಾಗಿಲು ತೆಗೆ. ಈಥರ್ನೆಟ್ ಪ್ಲಗ್‌ಗೂ ಇದೇ ಕ್ರಮ. ಅದರ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಹಾಗೇ ಸಿಕ್ಕಿಸಿ ಬಿಡಬಾರದು, ಅಲುಗಾಟಕ್ಕೆ ತಾನಾಗಿ ಕಳಚಿಕೊಳ್ಳುತ್ತದೆ. ಕ್ಲಿಪ್‌ಗೆ ಕವಚ ಇರುವ ಕೇಬಲ್ಲನ್ನೇ ತರಿಸುತ್ತೇನೆ, ನೂರಿನ್ನೂರು ರೂಪಾಯಿ ಜಾಸ್ತಿ ಆದರೂ ಸರಿ.

ಸ್ಟಿಕರ್ ವಿಷಯಕ್ಕೆ ನಾನೇ ಒಂದು ದಾರಿ ಮಾಡಿಕೊಂಡೆ. ವಾಸ್ಕೋದಲ್ಲಿ ನಾಮಫಲಕ ಕೊರೆಯುವ ಅಂಗಡಿಗೆ ಹೋಗಿ ಗೇಣುದ್ದದ ಸ್ಟೀಲ್ ತಗಡಿನ ಮೇಲೆ ಬರೆಸಿದೆ. ಬಾಗಿಲಿಗೆ ತೂತು ಹೊಡೆಯುವಂತಿಲ್ಲ, ಹಾಗಾಗಿ ಒಳಗಿನ ಮೌಂಟಿಂಗ್ ಪ್ಲೇಟ್‌ಗೆ, ಮಾಡ್ಯೂಲ್ ಸಾಲಿನ ಸರಿಯಾಗಿ ಮೇಲೆ ಕೂರಿಸಿದೆ. ಕೈ ಕೊಂಡಿಗೆ ಹೋಗುವ ಮೊದಲು ಕಣ್ಣು ಅದರ ಮೇಲೆ ಬೀಳುತ್ತದೆ. ಹಿಂದಿಯಲ್ಲಿ ಒಂದು ಸಾಲು, ಕೊಂಕಣಿಯಲ್ಲಿ ಒಂದು ಸಾಲು, ಕೆಳಗೆ ನಮ್ಮ ಕನ್ನಡ: "ಕರೆಂಟ್ ತೆಗೆಯದೆ ಮುಟ್ಟಬೇಡಿ." ಇಷ್ಟು ಕೆಲಸ ಕಂಪನಿಯವರು ಮುಖದ ಮೇಲೆ ಒಂದು ಇಂಚು ಜಾಗ ಕೊಟ್ಟು ಮಾಡಬಹುದಿತ್ತು. ಸುಮಾರು ನಲವತ್ತು ಸಾವಿರ ತೆಗೆದುಕೊಂಡ ಮೇಲೆ ಇಷ್ಟನ್ನು ಕೇಳುವ ಹಕ್ಕು ನನಗಿದೆ. ಮಾರಾಟದವರಿಗೆ ಎರಡು ಸಲ ಬರೆದೆ. ನಿಮ್ಮ ಸಲಹೆ ಮುಂದೆ ಕಳಿಸಿದ್ದೇವೆ ಎಂದು ಉತ್ತರ ಬಂದಿದೆ, ಅಷ್ಟೇ.

ಮತ್ತೆ ಕೊಳ್ಳುತ್ತೀರಾ ಅಂದರೆ, ಕೊಂಡಿದ್ದೇನೆ. ಸ್ಪೇರ್ ಒಂದನ್ನು ನನ್ನ ಜೇಬಿನಿಂದಲೇ ತಂದು ಇಟ್ಟಿದ್ದೇನೆ, ಚಕ್ರಗಳನ್ನು 027ಕ್ಕೇ ಇಟ್ಟು. ಸಣ್ಣ ಕಾಂಟ್ರ್ಯಾಕ್ಟ್‌ನವನಿಗೆ ಅದು ದೊಡ್ಡ ದುಡ್ಡು. ಆದರೆ ಕೆಟ್ಟಾಗ ಬೇರೆ ಕಂಪನಿಯ ಅಗ್ಗದ ಭಾಗ ತಂದು ಸಿಕ್ಕಿಸಿದರೆ ಝೋನ್ 2ರ ಒಪ್ಪಿಗೆ ಅಲ್ಲಿಗೇ ಮುಗಿಯುತ್ತದೆ, ಆ ದಾರಿ ನನಗೆ ಬೇಡ. ಹೊಸದಾಗಿ ಕೊಳ್ಳುವವರು ಝೋನ್ 2 ಎಂದು ಬರೆದ ಸರ್ಟಿಫಿಕೇಟ್ ಕೈಗೆ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಇಂಥ ಜಾಗಕ್ಕೆ ಪೆಸೋ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿಗೆಯನ್ನೂ ಕೇಳುತ್ತಾರೆ, ಆ ಕಾಗದ ಇದೆಯಾ ಎಂದು ಆರ್ಡರ್ ಕೊಡುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ವಾರಗಟ್ಟಲೆ ಕಾಯಿಸುತ್ತಾರೆ.

ಬರುವ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಬಾಗಿಲಿನ ಗ್ಯಾಸ್ಕೆಟ್ ಬದಲಿಸಬೇಕು. ಮೂಲೆಯಲ್ಲಿ ಗಟ್ಟಿಯಾಗಿ ಸೀಳು ಬಿಟ್ಟಿದೆ. ಅದರ ಜೊತೆಗೆ ಆ ಎಚ್ಚರಿಕೆಯ ತಗಡನ್ನೂ ಹೊಸದಾಗಿ ಕೊರೆಸುತ್ತೇನೆ. ಈಗ ರಾತ್ರಿ ಪಾಳಿಗೆ ಒಡಿಶಾದ ಇಬ್ಬರು ಹುಡುಗರು ಬಂದಿದ್ದಾರೆ. ಒಡಿಯಾದಲ್ಲಿ ಆ ಸಾಲನ್ನು ಬರೆದುಕೊಡಿ ಎಂದು ಅವರಿಗೇ ಹೇಳಿದ್ದೇನೆ.