‘ನಿರಾಮಯ’ದ ಹೆಸರು ಹೇಳಿ ತಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು

ಸೋಮವಾರಪೇಟೆ ತಾಲ್ಲೂಕಿನ ನಮ್ಮ ಮನೆಯಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ನನ್ನ ತಮ್ಮನಿದ್ದಾನೆ. ಇಪ್ಪತ್ತಾರು ತುಂಬಿದರೂ ಊಟ, ಸ್ನಾನ, ಮಗ್ಗುಲು ಬದಲಿಸುವುದು ಎಲ್ಲವೂ ಅಮ್ಮನ ಕೈಯಲ್ಲೇ ಆಗಬೇಕು. ಡೈಪರ್, ಔಷಧಿ, ಫಿಸಿಯೋಥೆರಪಿಗೆಂದು ಮೈಸೂರಿಗೆ ಹೋಗಿಬರುವ ಕಾರಿನ ಬಾಡಿಗೆ, ಇವಕ್ಕೆ ಅವನ ಮಾಸಾಶನ ಸಾಲದೆ, ಕರಿಮೆಣಸು ಮಾರಿದ ಹಣವನ್ನೂ ಅಮ್ಮ ಅವನ ಖಾತೆಗೇ ಹಾಕಿಡುತ್ತಿದ್ದರು.

ಕಳೆದ ಆಷಾಢದಲ್ಲಿ, ನಾನು ಊರಲ್ಲಿಲ್ಲದ ದಿನ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬರು ಮನೆಗೆ ಬಂದು, ‘ನಿರಾಮಯ’ ಯೋಜನೆಯಲ್ಲಿ ಇಂಥ ಮಕ್ಕಳ ಆರೈಕೆಗೆ ಒಂದು ಲಕ್ಷ ರೂಪಾಯಿ ಖಾತೆಗೆ ಬರುತ್ತದೆಂದು ನಂಬಿಸಿದರು. ಸೆಟೆದು ಸದಾ ಮುಷ್ಟಿ ಬಿಗಿದಿರುವ ಅವನ ಬಲಗೈಯನ್ನು ಅಮ್ಮ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಂದೊಂದೇ ಬೆರಳು ಬಿಡಿಸಿ, ಹೆಬ್ಬೆರಳನ್ನು ಯಂತ್ರದ ಮೇಲೆ ಇಟ್ಟರು. ‘ಸರಿಯಾಗಿ ಬೀಳಲಿಲ್ಲ ಅಮ್ಮಾ’ ಎಂದು ಆ ವ್ಯಕ್ತಿ ಮೂರು ಸಲ ಒತ್ತಿಸಿಕೊಂಡರು. ನೋವಿಗೆ ತಮ್ಮ ನರಳುತ್ತಿದ್ದನಂತೆ.

ಐದು ವಾರದ ನಂತರ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ, ಅದೇ ದಿನ ಎರಡು ಬಾರಿ ಒಟ್ಟು 17,500 ರೂಪಾಯಿ ಆಧಾರ್ ಬೆರಳಚ್ಚಿನ ಮೂಲಕ ತೆಗೆದಿರುವುದು ಕಂಡಿತು. ಈ ರೀತಿ ಹಣ ತೆಗೆಯಲು ಒಟಿಪಿ ಬೇಕಿಲ್ಲ. ಖಾತೆಯಲ್ಲಿದ್ದದ್ದು ಹಳೆಯ ಮೊಬೈಲ್ ನಂಬರ್ ಆದ್ದರಿಂದ ಮೆಸೇಜು ಕೂಡ ನಮಗೆ ತಲುಪಿರಲಿಲ್ಲ. ದೂರು ಕೊಟ್ಟಿದ್ದೇವೆ, ಹಣ ಇನ್ನೂ ಬಂದಿಲ್ಲ.

ನಿರಾಮಯ ನಿಜವಾದ ಯೋಜನೆಯೇ, ಅದಕ್ಕೇ ಅಮ್ಮ ನಂಬಿದ್ದು. ಆದರೆ ಅದು ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ಆರೋಗ್ಯ ವಿಮೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ವೈಕಲ್ಯ ಇರುವವರ ಚಿಕಿತ್ಸಾ ವೆಚ್ಚವನ್ನು ವರ್ಷಕ್ಕೆ 1 ಲಕ್ಷದ ಮಿತಿಯೊಳಗೆ, ಬಿಲ್ಲು ಸಲ್ಲಿಸಿದ ಮೇಲೆ ಭರಿಸುತ್ತದೆಯೇ ಹೊರತು ಯಾರ ಕೈಗೂ ಇಡಿಗಂಟು ಕೊಡುವುದಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಗೆ ಶುಲ್ಕವೇ ಇಲ್ಲ. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ ಕೊಡುವಂಥದ್ದು. ಕಾಗದಪತ್ರ ಗೊತ್ತಾಗದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ನಾವು ಮೊದಲೇ ಅವರನ್ನು ಕೇಳಿದ್ದರೆ ಆ ವ್ಯಕ್ತಿಯನ್ನು ಅಂಗಳದಿಂದಲೇ ಕಳುಹಿಸುತ್ತಿದ್ದೆವು.

ಮನೆಬಾಗಿಲಿಗೆ ಬಂದವರ ಯಂತ್ರಕ್ಕೆ ದಯವಿಟ್ಟು ಹೆಬ್ಬೆಟ್ಟು ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ಅದೇ ದಿನ ಬ್ಯಾಲೆನ್ಸ್ ನೋಡಿ, ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆರಳಚ್ಚಿನಿಂದ ಯಾರೂ ಹಣ ತೆಗೆಯದಂತೆ ತಮ್ಮನ ಆಧಾರ್ ಬಯೋಮೆಟ್ರಿಕ್ಕನ್ನು ನಾವೀಗ ಲಾಕ್ ಮಾಡಿದ್ದೇವೆ. ಅದಕ್ಕೆ ಆಧಾರಿಗೆ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು. ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ.